ಆರು ಗಂಟೆಗೊಮ್ಮೆ ಲಾಗೌಟ್: ಕೌಂಟರಿನ ಕಂಪ್ಯೂಟರಿಗೆ ಏನಾಗುತ್ತದೆ?

ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ, ಮಣಿಪಾಲದ ಟೈಗರ್ ಸರ್ಕಲ್ ಹತ್ತಿರವಾಗಲಿ, ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ತರುವವರು ಈಗ ಕಡಿಮೆ. ಗೋಡೆಗೆ ಅಂಟಿಸಿದ ನಂಬರಿಗೆ ಫೈಲ್ ವಾಟ್ಸ್‌ಆ್ಯಪ್ ಮಾಡುತ್ತಾರೆ. ಅಂಗಡಿಯವರು ಕಂಪ್ಯೂಟರಿನಲ್ಲಿ ತೆರೆದಿಟ್ಟ ವಾಟ್ಸ್‌ಆ್ಯಪ್ ವೆಬ್‌ನಿಂದ ಅದನ್ನು ಪ್ರಿಂಟಿಗೆ ಕೊಡುತ್ತಾರೆ. ಎಷ್ಟೋ ಕಡೆ ಈ ಕಂಪ್ಯೂಟರ್ ಒಮ್ಮೆ ಲಿಂಕ್ ಆದ ಮೇಲೆ ತಿಂಗಳುಗಟ್ಟಲೆ ಲಾಗೌಟ್ ಆಗಿರುವುದೇ ಇಲ್ಲ.

ಕೇಂದ್ರದ ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ಹೊರಡಿಸಿದ ನಿರ್ದೇಶನ ಇದಕ್ಕೆ ಆರು ಗಂಟೆಯ ಮಿತಿ ಹಾಕುತ್ತದೆ. ಆ ಸುದ್ದಿ ಬಂದಲ್ಲಿಂದ ಗೊಂದಲ ಜಾಸ್ತಿಯಾಗಿದೆ. ಫೋನಿನಲ್ಲಿರುವ ವಾಟ್ಸ್‌ಆ್ಯಪ್ ಕೂಡ ಆರು ಗಂಟೆಗೊಮ್ಮೆ ಬಂದ್ ಆಗುತ್ತದಾ ಎಂದು ಕೇಳುವವರಿದ್ದಾರೆ. ಗಲ್ಫ್‌ನಲ್ಲಿರುವ ಮಕ್ಕಳ ಊರಿನ ನಂಬರ್ ಹೋಗಿಯೇಬಿಡುತ್ತದಾ ಎಂಬ ಚಿಂತೆ ಇನ್ನು ಕೆಲವು ಮನೆಗಳಲ್ಲಿ. ಬ್ಯಾಂಕಿನ ವೆಬ್‌ಸೈಟ್ ಐದು ಹತ್ತು ನಿಮಿಷಕ್ಕೇ ಹೊರಗೆ ಹಾಕುತ್ತದಲ್ಲ, ಆರು ಗಂಟೆ ಏನು ಮಹಾ ಎನ್ನುವವರೂ ಇದ್ದಾರೆ.

ಈ ಮೂರೂ ಪ್ರಶ್ನೆಗೆ ಉತ್ತರ ಬೇರೆ ಬೇರೆ. ಮೂರರ ಬುಡದಲ್ಲಿರುವುದು ಮಾತ್ರ ಒಂದೇ ವಿಷಯ: ಸೆಷನ್, ಅಂದರೆ ಲಾಗಿನ್ ಆದಲ್ಲಿಂದ ಲಾಗೌಟ್ ಆಗುವವರೆಗೆ ಉಳಿಯುವ ಸಂಪರ್ಕ. ಅದರ ಅವಧಿ ಎಷ್ಟಿರಬೇಕು, ಅದನ್ನು ಯಾರು ನಿರ್ಧರಿಸಬೇಕು, ಅವಧಿ ಮುಗಿದಾಗ ಏನಾಗಬೇಕು?

ನಿರ್ದೇಶನದಲ್ಲಿ ಇರುವುದೇನು?

ಅದರಲ್ಲಿ ಇರುವುದು ಎರಡು ಬೇರೆ ಬೇರೆ ಕಟ್ಟಳೆ. ಸುದ್ದಿಯಲ್ಲಿ ಎರಡೂ ಒಟ್ಟಿಗೆ ಬಂದದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಮೊದಲನೆಯದು ಸಿಮ್ ಬೈಂಡಿಂಗ್. ಯಾವ ನಂಬರಿನಿಂದ ಖಾತೆ ತೆರೆದಿದ್ದೀರೋ ಆ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ಆ್ಯಪ್ ನಡೆಯಬೇಕು. ಇಷ್ಟರವರೆಗೆ ಹಾಗಿರಲಿಲ್ಲ. ಒಮ್ಮೆ ಒಟಿಪಿ ಹಾಕಿ ಖಾತೆ ತೆರೆದರೆ ಮುಗಿಯಿತು. ಆಮೇಲೆ ಸಿಮ್ ತೆಗೆದರೂ ಆ್ಯಪ್ ನಡೆಯುತ್ತಿತ್ತು.

ಎರಡನೆಯದು ವೆಬ್ ಆವೃತ್ತಿಯ ಲಾಗೌಟ್. ಕಂಪ್ಯೂಟರಿನಲ್ಲಿ ತೆರೆದ ಖಾತೆ ಹೆಚ್ಚೆಂದರೆ ಆರು ಗಂಟೆಗೆ ತಾನಾಗಿ ಮುಚ್ಚಬೇಕು. ಬೇಕಾದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮತ್ತೆ ಜೋಡಿಸಿಕೊಳ್ಳಬಹುದು. ಫೋನಿನಲ್ಲಿರುವ ಆ್ಯಪ್‌ಗೆ ಈ ಆರು ಗಂಟೆಯ ಲೆಕ್ಕ ಇಲ್ಲ.

ವಾಟ್ಸ್‌ಆ್ಯಪ್ ಜೊತೆಗೆ ಟೆಲಿಗ್ರಾಂ, ಸಿಗ್ನಲ್, ಅರಟ್ಟೈ ಮುಂತಾದವುಗಳಿಗೂ ಇದು ಅನ್ವಯ. ಜಾರಿಗೆ ಕೊಟ್ಟ ಸಮಯ 90 ದಿನ. 2024ರ ಟೆಲಿಕಾಂ ಸೈಬರ್ ಭದ್ರತಾ ನಿಯಮಗಳಿಗೆ 2025ರ ಅಕ್ಟೋಬರ್‌ನಲ್ಲಿ ತಂದ ತಿದ್ದುಪಡಿ ಇದಕ್ಕೆ ಆಧಾರ. ಮೊಬೈಲ್ ನಂಬರನ್ನೇ ಗುರುತಾಗಿ ಬಳಸುವ ಆ್ಯಪ್‌ಗಳನ್ನು ಟೆಲಿಕಾಂ ನಿಯಮಗಳ ಒಳಗೆ ತಂದದ್ದು ಆ ತಿದ್ದುಪಡಿಯೇ.

ಸೆಷನ್ ಎಂದರೆ ಕೈಯಲ್ಲಿರುವ ಟೋಕನ್

ವೆಬ್ ನಡೆಯುವುದು ಎಚ್‌ಟಿಟಿಪಿ ಎಂಬ ಪದ್ಧತಿಯಲ್ಲಿ. ಅದಕ್ಕೆ ನೆನಪು ಅನ್ನುವುದಿಲ್ಲ. ನೀವು ಒಂದು ಪುಟ ಕೇಳುತ್ತೀರಿ, ಸರ್ವರ್ ಕೊಡುತ್ತದೆ, ಅಲ್ಲಿಗೆ ಲೆಕ್ಕ ಚುಕ್ತಾ. ಮುಂದಿನ ಪುಟ ಕೇಳಿದಾಗ ನೀವು ಯಾರೆಂದು ಅದಕ್ಕೆ ಗೊತ್ತಿರುವುದಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲಿ ಇದಕ್ಕೆ ಕುಕೀ ಎಂಬ ಪರಿಹಾರ ತಂದರು. ಲಾಗಿನ್ ಆದಾಗ ಸರ್ವರ್ ಒಂದು ಉದ್ದನೆಯ, ಊಹಿಸಲಾಗದ ಸಂಖ್ಯೆ ಕೊಡುತ್ತದೆ. ಬ್ರೌಸರ್ ಅದನ್ನು ಇಟ್ಟುಕೊಂಡು ಪ್ರತಿ ಸಲವೂ ತೋರಿಸುತ್ತದೆ. ಆ ಸಂಖ್ಯೆ ನಡೆಯುವಷ್ಟು ಹೊತ್ತು ನಿಮ್ಮ ಸೆಷನ್ ಜೀವಂತ.

ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್‌ಗಳು ಹುಟ್ಟಿದ ಈ ಕರಾವಳಿಯಲ್ಲಿ ಹಿತ್ತಾಳೆ ಟೋಕನ್ ನೋಡಿದ ಹಿರಿಯರು ಇನ್ನೂ ಇದ್ದಾರೆ. ಚೆಕ್ ಕೊಟ್ಟರೆ ಗುಮಾಸ್ತರು ಸಹಿ ನೋಡಿ ಟೋಕನ್ ಕೊಡುತ್ತಿದ್ದರು. ನಂಬರ್ ಕೂಗಿದಾಗ ಟೋಕನ್ ತೋರಿಸಿದವರಿಗೆ ಹಣ. ಆ ಹೊತ್ತಿಗೆ ಸಹಿಯನ್ನು ಮತ್ತೆ ಯಾರೂ ನೋಡುತ್ತಿರಲಿಲ್ಲ. ಸೆಷನ್ ಕುಕೀ ಕೂಡ ಹಾಗೆಯೇ. ಪಾಸ್‌ವರ್ಡ್, ಒಟಿಪಿ, ಬೆರಳಚ್ಚು ಎಲ್ಲದರ ತಪಾಸಣೆ ಬಾಗಿಲಲ್ಲೇ ಮುಗಿಯುತ್ತದೆ. ಒಳಗೆ ನಡೆಯುವುದು ಟೋಕನ್ ಮಾತ್ರ. ಅದನ್ನು ಕದ್ದವನಿಗೆ ಪಾಸ್‌ವರ್ಡ್ ಬೇಕಾಗಿಲ್ಲ.

2023ರ ಮಾರ್ಚ್‌ನಲ್ಲಿ ಲೈನಸ್ ಟೆಕ್ ಟಿಪ್ಸ್ ಎಂಬ ದೊಡ್ಡ ಯೂಟ್ಯೂಬ್ ಚಾನೆಲ್ ಕಳ್ಳರ ಕೈಗೆ ಹೋದದ್ದು ಹೀಗೆಯೇ. ಸಿಬ್ಬಂದಿಯೊಬ್ಬರು ಪ್ರಾಯೋಜಕರ ಪಿಡಿಎಫ್ ಎಂದು ನಂಬಿ ಒಂದು ಫೈಲ್ ತೆರೆದರು. ಅದು ಬ್ರೌಸರಿನಲ್ಲಿದ್ದ ಸೆಷನ್ ಟೋಕನ್‌ಗಳನ್ನು ಕದ್ದು ಕಳಿಸಿತು. ಎರಡು ಹಂತದ ಲಾಗಿನ್ ಇದ್ದರೂ ಉಪಯೋಗವಾಗಲಿಲ್ಲ. ಕಳ್ಳರು ಲಾಗಿನ್ ಪುಟಕ್ಕೇ ಬರಲಿಲ್ಲವಲ್ಲ!

ಟೋಕನ್‌ಗೆ ಅವಧಿ ಇಡುವುದು ಇದೇ ಕಾರಣಕ್ಕೆ. ಕಳೆದುಹೋದ ಟೋಕನ್ ಎಂದೆಂದಿಗೂ ನಡೆಯಬಾರದು.

ಗಡಿಯಾರ ಎರಡು

ಬ್ಯಾಂಕಿನ ಐದು ನಿಮಿಷವನ್ನೂ ವಾಟ್ಸ್‌ಆ್ಯಪ್ ವೆಬ್‌ನ ಆರು ಗಂಟೆಯನ್ನೂ ಹೋಲಿಸುವವರು ಎರಡು ಬೇರೆ ಗಡಿಯಾರಗಳನ್ನು ಹೋಲಿಸುತ್ತಿದ್ದಾರೆ.

ಒಂದು, ಸುಮ್ನೆ ಕೂತದ್ದನ್ನು ಎಣಿಸುವ ಗಡಿಯಾರ. ಇಂತಿಷ್ಟು ನಿಮಿಷ ನೀವು ಏನೂ ಮಾಡದಿದ್ದರೆ ಹೊರಗೆ. ಮಧ್ಯೆ ಏನಾದರೂ ಮಾಡಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಎದ್ದು ಹೋದವನ ಕಂಪ್ಯೂಟರಿಗೆ ಬೇರೆಯವರು ಕೈ ಹಾಕದಂತೆ ಇರುವ ಏರ್ಪಾಡು ಇದು. ಬ್ಯಾಂಕ್ ಬಳಸುವುದು ಮುಖ್ಯವಾಗಿ ಇದನ್ನೇ.

ಇನ್ನೊಂದು, ಲಾಗಿನ್ ಆದ ಕ್ಷಣದಿಂದ ಓಡುವ ಗಡಿಯಾರ. ನೀವು ಕೆಲಸ ಮಾಡುತ್ತಲೇ ಇದ್ದರೂ ಸಮಯ ಮುಗಿದಾಗ ಹೊರಗೆ. ದೂರದಲ್ಲಿ ಕೂತು ಕದ್ದ ಟೋಕನ್ ಬಳಸುವವನಿಗೆ ಹಾಕುವ ಮಿತಿ ಇದು. ಅವನು ಸದಾ ಕೆಲಸ ಮಾಡುತ್ತಲೇ ಇರಬಹುದು, ಹಾಗಾಗಿ ಮೊದಲನೇ ಗಡಿಯಾರ ಅವನನ್ನು ಹಿಡಿಯುವುದಿಲ್ಲ. ದೂರಸಂಪರ್ಕ ಇಲಾಖೆಯ ಆರು ಗಂಟೆ ಈ ಎರಡನೇ ಜಾತಿಯದ್ದು.

ಎಷ್ಟು ಹೊತ್ತು ಇಡಬೇಕು ಎಂಬುದಕ್ಕೆ ಜಗತ್ತಿನಲ್ಲಿ ಒಂದೇ ಉತ್ತರ ಇಲ್ಲ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ 2017ರ ಮಾರ್ಗಸೂಚಿಯಲ್ಲಿ ಮೂರು ಮಟ್ಟ ಮಾಡಿತು. ಸಾಧಾರಣ ಮಟ್ಟದಲ್ಲಿ 30 ದಿನಕ್ಕೊಮ್ಮೆ ಲಾಗಿನ್ ಕೇಳಿದರೆ ಸಾಕು. ಮಧ್ಯದ ಮಟ್ಟಕ್ಕೆ 12 ಗಂಟೆ, ಅಥವಾ 30 ನಿಮಿಷ ಸುಮ್ಮನಿದ್ದರೆ. ಮೇಲಿನ ಮಟ್ಟಕ್ಕೆ 12 ಗಂಟೆ, ಅಥವಾ 15 ನಿಮಿಷ ಸುಮ್ಮನಿದ್ದರೆ. ವೆಬ್ ಭದ್ರತೆಯ ಬಗ್ಗೆ ಕೆಲಸ ಮಾಡುವ ಒವಾಸ್ಪ್ ಸಂಸ್ಥೆ ಹಣದಂಥ ವಿಷಯಕ್ಕೆ 2ರಿಂದ 5 ನಿಮಿಷ, ಕಡಿಮೆ ಅಪಾಯದ ಕೆಲಸಕ್ಕೆ 15ರಿಂದ 30 ನಿಮಿಷ ಎನ್ನುತ್ತದೆ. ಕಾರ್ಡ್ ವಹಿವಾಟಿನ ಭದ್ರತೆಗಿರುವ ಪಿಸಿಐ ನಿಯಮದಲ್ಲಿ 15 ನಿಮಿಷ. ಇವೆರಡೂ ಸುಮ್ನೆ ಕೂತ ಹೊತ್ತಿನ ಲೆಕ್ಕ.

ಈ ಎಲ್ಲ ಅಂಕಿಗಳ ಹಿಂದೆ ಒಂದೇ ಪ್ರಶ್ನೆ ಉಂಟು: ಈ ಟೋಕನ್ ತಪ್ಪು ಕೈಗೆ ಹೋದರೆ ನಷ್ಟ ಎಷ್ಟು, ಆ ಕಂಪ್ಯೂಟರ್ ಎಷ್ಟು ಜನರ ಕೈಗೆ ಸಿಗುತ್ತದೆ? ಇದನ್ನು ಕೇಳದೆ ಇಟ್ಟ ಅಂಕಿ ಬರೀ ಅಂಕಿ. ನಿಜ ಹೇಳಬೇಕೆಂದರೆ ಎಷ್ಟೋ ವೆಬ್‌ಸೈಟ್‌ಗಳಲ್ಲಿ ಆ ಅಂಕಿಯನ್ನು ಯಾರೂ ಕೂತು ಯೋಚಿಸಿ ಇಟ್ಟಿರುವುದಿಲ್ಲ. ವೆಬ್‌ಸೈಟ್ ಕಟ್ಟಲು ಬಳಸುವ ತಂತ್ರಾಂಶಗಳನ್ನೇ ನೋಡಿ: ಟಾಮ್‌ಕ್ಯಾಟ್ ಸರ್ವರ್ ಹಾಕಿದರೆ 30 ನಿಮಿಷ, ಪಿಎಚ್‌ಪಿ ಆದರೆ 24 ನಿಮಿಷ, ಜ್ಯಾಂಗೋ ಆದರೆ ಎರಡು ವಾರ. ತಂತ್ರಾಂಶದ ಜೊತೆ ಬಂದ ಅಂಕಿಯೇ ಹಾಗೇ ಮುಂದುವರಿಯುತ್ತದೆ.

ಸರ್ಕಾರ ಹೇಳುವುದೇನು?

ಸರ್ಕಾರದ ವಾದದಲ್ಲಿ ಹುರುಳಿದೆ. 2024ರಲ್ಲಿ ಸೈಬರ್ ವಂಚನೆಯಿಂದ ಆದ ನಷ್ಟ 22,800 ಕೋಟಿ ರೂಪಾಯಿಗೂ ಜಾಸ್ತಿ ಎಂದು ಇಲಾಖೆ ಹೇಳಿದೆ. ಡಿಜಿಟಲ್ ಅರೆಸ್ಟ್, ಸುಳ್ಳು ಹೂಡಿಕೆ, ಸಾಲದ ಆ್ಯಪ್‌ನಂಥ ಮೋಸಗಳಲ್ಲಿ ಕರೆ ಬರುವುದು ಭಾರತದ ನಂಬರಿನಿಂದ, ಕರೆ ಮಾಡುವವನು ಇರುವುದು ವಿದೇಶದಲ್ಲಿ. ಇಲ್ಲಿ ಯಾರದೋ ಸಿಮ್‌ನಿಂದ ಒಮ್ಮೆ ಖಾತೆ ತೆರೆದು ಲಿಂಕ್ ಮಾಡಿದರೆ ಸಾಕು, ಆ ಸೆಷನ್ ಹೊರದೇಶದಲ್ಲಿ ನಡೆಯುತ್ತಲೇ ಇರುತ್ತದೆ. ಸಿಮ್ ಎಸೆದರೂ ನಡೆಯುತ್ತದೆ. ಪೊಲೀಸರು ನಂಬರಿನ ಬೆನ್ನು ಹತ್ತಿದರೆ ಸಿಗುವುದು ಸಿಮ್ ಮಾರಿಕೊಂಡ ಯಾರೋ ಬಡಪಾಯಿ.

ಇದು ಸಾಧ್ಯವಾದದ್ದಕ್ಕೆ ತಾಂತ್ರಿಕ ಕಾರಣವೂ ಇದೆ. 2015ರಲ್ಲಿ ವಾಟ್ಸ್‌ಆ್ಯಪ್ ವೆಬ್ ಶುರುವಾದಾಗ ಕಂಪ್ಯೂಟರಿನಲ್ಲಿ ಚಾಟ್ ನಡೆಯಬೇಕಾದರೆ ಫೋನಿನ ಇಂಟರ್‌ನೆಟ್ ಆನ್ ಇರಲೇಬೇಕಿತ್ತು. 2021ರಲ್ಲಿ ಬಂದ ಮಲ್ಟಿ ಡಿವೈಸ್ ವ್ಯವಸ್ಥೆ ಆ ಕೊಂಡಿ ಬಿಡಿಸಿತು. ಈಗ ಫೋನ್ ಆಫ್ ಆಗಿದ್ದರೂ ಕಂಪ್ಯೂಟರ್ ನಡೆಯುತ್ತದೆ. ಫೋನನ್ನು 14 ದಿನಕ್ಕಿಂತ ಹೆಚ್ಚು ಬಳಸದಿದ್ದರೆ ಮಾತ್ರ ಲಿಂಕ್ ಆದ ಸಾಧನಗಳು ಲಾಗೌಟ್ ಆಗುತ್ತವೆ. ಆಫೀಸಿನವರಿಗೆ ಇದರಿಂದ ಅನುಕೂಲವಾಯಿತು, ಮೋಸಗಾರರಿಗೂ ಆಯಿತು.

2025ರ ಡಿಸೆಂಬರ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಎಚ್ಚರಿಕೆ ಕೊಟ್ಟ ಘೋಸ್ಟ್‌ಪೇರಿಂಗ್ ಎಂಬ ಮೋಸವೂ ಸರ್ಕಾರದ ವಾದಕ್ಕೆ ಬಲ ಕೊಡುತ್ತದೆ. ಪರಿಚಯದವರ ಹೆಸರಿನಲ್ಲಿ ಒಂದು ಲಿಂಕ್ ಬರುತ್ತದೆ, ಫೋಟೋ ನೋಡಿ ಎಂದು. ಒತ್ತಿದರೆ ಫೋನ್ ನಂಬರ್ ಕೇಳುತ್ತದೆ. ಆಮೇಲೆ ಒಂದು ಕೋಡ್ ಕೊಟ್ಟು ವಾಟ್ಸ್‌ಆ್ಯಪ್‌ನಲ್ಲಿ ಹಾಕಿ ಎನ್ನುತ್ತದೆ. ಹಾಕಿದರೆ ಕಳ್ಳನ ಬ್ರೌಸರ್ ನಿಮ್ಮ ಖಾತೆಗೆ ಲಿಂಕ್ ಆಗುತ್ತದೆ. ನಿಮ್ಮ ಫೋನಿನಲ್ಲಿ ವಾಟ್ಸ್‌ಆ್ಯಪ್ ಎಂದಿನಂತೆಯೇ ಇರುತ್ತದೆ, ಹಾಗಾಗಿ ಅನುಮಾನವೇ ಬರುವುದಿಲ್ಲ. ಅವನು ಎಷ್ಟು ದಿನ ಬೇಕಾದರೂ ಓದುತ್ತ ಕೂರಬಹುದು. ಆರು ಗಂಟೆಯ ಮಿತಿ ಇದ್ದರೆ ಅದು ಆರು ಗಂಟೆಗೆ ನಿಲ್ಲುತ್ತದೆ.

ಟೆಲಿಕಾಂ ಕಂಪನಿಗಳ ಸಂಘ ಸಿಒಎಐ ಈ ನಿರ್ದೇಶನವನ್ನು ಸ್ವಾಗತಿಸಿದೆ. ಬ್ಯಾಂಕ್ ಮತ್ತು ಪಾವತಿ ಆ್ಯಪ್‌ಗಳಲ್ಲಿ ತಾನಾಗಿ ಲಾಗೌಟ್ ಆಗುವ ವ್ಯವಸ್ಥೆ ಆಗಲೇ ಇದೆ, ಅದನ್ನೇ ಇಲ್ಲಿಗೂ ತರುತ್ತಿದ್ದೇವೆ ಎಂಬುದು ಇಲಾಖೆಯ ಮಾತು.

ವಿರೋಧ ಯಾಕೆ?

ತಂತ್ರಜ್ಞಾನ ಕಂಪನಿಗಳಿರುವ ಬ್ರಾಡ್‌ಬ್ಯಾಂಡ್ ಇಂಡಿಯಾ ಫೋರಂ ಇದನ್ನು ಒಪ್ಪಿಲ್ಲ. ಇಲಾಖೆಗೆ ಈ ಅಧಿಕಾರ ಇದೆಯಾ, ಸಂಬಂಧಪಟ್ಟವರ ಜೊತೆ ಮಾತಾಡಿದ್ದಾರಾ, ತಾಂತ್ರಿಕವಾಗಿ ಇದು ಆಗುವ ಕೆಲಸವಾ ಎಂದು ಕೇಳಿದೆ. ಅಧಿಕಾರದ ಪ್ರಶ್ನೆಯನ್ನು ಕಾನೂನು ತಿಳಿದವರು ನೋಡಿಕೊಳ್ಳಲಿ. ಬಳಸುವವರಿಗೆ ಮುಖ್ಯವಾದದ್ದು ಬ್ಯಾಂಕಿನ ಜೊತೆ ಮಾಡಿದ ಹೋಲಿಕೆ ಸರಿಯಾ ಎಂಬ ಪ್ರಶ್ನೆ.

ಆ ಹೋಲಿಕೆ ಪೂರ್ತಿ ಸರಿ ಇಲ್ಲ. ಬ್ಯಾಂಕಿನ ವೆಬ್‌ಸೈಟಿಗೆ ನಾವು ಒಂದು ಕೆಲಸ ಇಟ್ಟುಕೊಂಡು ಹೋಗುತ್ತೇವೆ. ಹಣ ಕಳಿಸುತ್ತೇವೆ, ಪಾಸ್‌ಬುಕ್ ನೋಡುತ್ತೇವೆ, ಹೊರಬರುತ್ತೇವೆ. ಹತ್ತು ನಿಮಿಷಕ್ಕೆ ಸೆಷನ್ ಮುಗಿದರೆ ನಷ್ಟವೇನಿಲ್ಲ. ಮೆಸೇಜಿಂಗ್ ಹಾಗಲ್ಲ. ಅಲ್ಲಿ ಕಾಯುವುದೇ ಕೆಲಸ. ಗಿರಾಕಿ ಯಾವಾಗ ಮೆಸೇಜ್ ಹಾಕುತ್ತಾನೆ ಎಂದು ಯಾರಿಗೂ ಗೊತ್ತಿಲ್ಲ. ಲಾಗೌಟ್ ಆದದ್ದನ್ನು ಗಮನಿಸದೆ ಕೂತರೆ, ಆ ಹೊತ್ತಿನಲ್ಲಿ ಬಂದ ಮೆಸೇಜ್ ಕೌಂಟರಿನಲ್ಲಿ ಕಾಣುವುದೇ ಇಲ್ಲ.

ಎರಡನೇ ಆಕ್ಷೇಪ, ಆರು ಗಂಟೆ ಕಳ್ಳನಿಗೆ ಧಾರಾಳ ಸಮಯ ಎಂಬುದು. ಖಾತೆ ಕೈಗೆ ಸಿಕ್ಕಿದ ಕೂಡಲೇ ಅವನು ಮಾಡುವ ಮೊದಲ ಕೆಲಸ ಪಟ್ಟಿಯಲ್ಲಿರುವವರಿಗೆ ‘ಅರ್ಜೆಂಟ್ ಹಣ ಬೇಕು’ ಎಂದು ಮೆಸೇಜ್ ಹಾಕುವುದು. ಅದಕ್ಕೆ ಅರ್ಧ ಗಂಟೆ ಸಾಕು.

ಹಾಗಾದರೆ ಈ ಮಿತಿಯಿಂದ ನಿಲ್ಲುವುದು ಯಾವುದು? ದಿನಗಟ್ಟಲೆ ನಡೆಯುವ ಮೋಸ ನಿಲ್ಲುತ್ತದೆ. ಸಿಮ್ ಇಲ್ಲದೆ ನಡೆಯುತ್ತಿದ್ದ ಖಾತೆಗಳು ನಿಲ್ಲುತ್ತವೆ, ಆದರೆ ಸಿಮ್ ಬೈಂಡಿಂಗ್ ಜೊತೆಗಿದ್ದರೆ ಮಾತ್ರ. ಬೈಂಡಿಂಗ್ ಇಲ್ಲದೆ ಬರೀ ಲಾಗೌಟ್ ಇದ್ದರೆ, ಸಿಮ್ ಇಲ್ಲದ ಫೋನ್ ಹಿಡಿದ ಮೋಸಗಾರ ವಿದೇಶದಲ್ಲೇ ಕೂತು ದಿನಕ್ಕೆ ನಾಲ್ಕು ಸಲ ಕ್ಯೂಆರ್ ಸ್ಕ್ಯಾನ್ ಮಾಡುತ್ತಾನೆ. ಅವನಿಗೆ ಅದೇನು ಕಷ್ಟ? ಫೋನ್ ಪಕ್ಕದಲ್ಲೇ ಇದೆ. ಕಷ್ಟ ಆಗುವುದು ಫೋನ್ ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ ಇರುವವರಿಗೆ.

ಇಲ್ಲಿನ ಅಂಗಡಿ, ಆಫೀಸು, ಗಲ್ಫ್ ಮನೆಗಳಿಗೆ

ಫೋನ್ ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ ಎಂಬುದು ಕರಾವಳಿಯ ಸಣ್ಣ ವ್ಯಾಪಾರದಲ್ಲಿ ದಿನನಿತ್ಯದ ಸಂಗತಿ. ಸಿಮ್ ಯಜಮಾನರ ಹೆಸರಿನಲ್ಲಿರುತ್ತದೆ, ಫೋನ್ ಅವರ ಜೇಬಿನಲ್ಲಿರುತ್ತದೆ. ಕೌಂಟರಿನಲ್ಲಿ ಕೂರುವುದು ಕೆಲಸದ ಹುಡುಗಿ ಅಥವಾ ಹುಡುಗ. ಬೆಳಿಗ್ಗೆ ಒಂಬತ್ತಕ್ಕೆ ಲಿಂಕ್ ಮಾಡಿದರೆ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತದೆ. ಆಗ ಯಜಮಾನರು ಬಂದರಿನ ಗೋದಾಮಿನಲ್ಲೋ ಬೆಂಗಳೂರು ಬಸ್ಸಿನಲ್ಲೋ ಇರುತ್ತಾರೆ. ಲಾಡ್ಜ್, ನರ್ಸಿಂಗ್ ಹೋಮ್, ಟ್ರಾವೆಲ್ಸ್‌ನಂಥ ದಿನವಿಡೀ ನಡೆಯುವ ಕಡೆ ದಿನಕ್ಕೆ ನಾಲ್ಕು ಸಲ ಜೋಡಿಸಬೇಕು. ಅದರಲ್ಲಿ ಒಂದು ಸಲ ನಡುರಾತ್ರಿಯಾದರೂ ಆಶ್ಚರ್ಯವಿಲ್ಲ.

ಆಗ ಏನಾಗುತ್ತದೆ? ಕೌಂಟರಿನವರು ಫೋನ್ ಮಾಡುತ್ತಾರೆ. ಕ್ಯೂಆರ್ ಚಿತ್ರವನ್ನು ಬೇರೆ ದಾರಿಯಲ್ಲಿ ಕಳಿಸಲು ನೋಡುತ್ತಾರೆ. ಸ್ವಲ್ಪ ಹೊತ್ತಿಗೆ ಅದು ಬದಲಾಗುತ್ತದೆ, ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಫೋನ್ ನಂಬರ್ ಹಾಕಿ ಎಂಟು ಅಕ್ಷರದ ಕೋಡ್ ಪಡೆದು ಲಿಂಕ್ ಮಾಡುವ ಇನ್ನೊಂದು ದಾರಿ ಕಣ್ಣಿಗೆ ಬೀಳುತ್ತದೆ. ಕೌಂಟರಿನವರು ಕೋಡ್ ಓದುತ್ತಾರೆ, ಯಜಮಾನರು ತಮ್ಮ ಫೋನಿನಲ್ಲಿ ಒತ್ತುತ್ತಾರೆ. ಇದೇ ರೂಢಿಯಾಗುತ್ತದೆ. ಯಾರೋ ಹೇಳಿದ ಕೋಡನ್ನು ಹೆಚ್ಚು ಯೋಚಿಸದೆ ವಾಟ್ಸ್‌ಆ್ಯಪ್‌ನಲ್ಲಿ ಒತ್ತುವ ಈ ರೂಢಿಯೇ ಘೋಸ್ಟ್‌ಪೇರಿಂಗ್ ಕಳ್ಳನಿಗೆ ಬೇಕಾದದ್ದು.

ಈ ನಿರ್ದೇಶನದಲ್ಲಿ ಅತಿ ಹೆಚ್ಚು ಚಿಂತೆ ಹುಟ್ಟಿಸಬೇಕಾದ ಭಾಗ ಇದೇ. ಅಪರೂಪಕ್ಕೆ ಮಾಡುವ ಕೆಲಸವನ್ನು ಜನ ಗಮನ ಕೊಟ್ಟು ಮಾಡುತ್ತಾರೆ. ದಿನಕ್ಕೆ ಮೂರು ನಾಲ್ಕು ಸಲ ಮಾಡುವುದನ್ನು ಕೈ ತಾನಾಗಿ ಮಾಡುತ್ತದೆ. ‘ಹೊಸ ಸಾಧನ ಲಿಂಕ್ ಆಗುತ್ತಿದೆ’ ಎಂಬ ಎಚ್ಚರಿಕೆ ವರ್ಷಕ್ಕೊಮ್ಮೆ ಬಂದರೆ ಯಾರದು ಇದು ಎಂದು ನೋಡುತ್ತೇವೆ. ದಿನಾ ಬಂದರೆ ಓದುವುದೇ ಇಲ್ಲ. ನಕಲಿ ಕ್ಯೂಆರ್ ತೋರಿಸಿ ಖಾತೆ ಲಿಂಕ್ ಮಾಡಿಕೊಳ್ಳುವ ತಂತ್ರ ಹೊಸದೂ ಅಲ್ಲ. ರಷ್ಯಾ ಪರ ಗುಂಪುಗಳು ಸಿಗ್ನಲ್ ಬಳಕೆದಾರರ ಮೇಲೆ ಇದನ್ನೇ ಪ್ರಯೋಗಿಸಿದ್ದನ್ನು ಗೂಗಲ್‌ನ ಭದ್ರತಾ ತಂಡ 2025ರ ಫೆಬ್ರವರಿಯಲ್ಲಿ ಬಯಲು ಮಾಡಿತ್ತು.

ಗಲ್ಫ್ ಮನೆಗಳ ಪ್ರಶ್ನೆ ಮೊದಲನೇ ಕಟ್ಟಳೆಗೆ, ಅಂದರೆ ಸಿಮ್ ಬೈಂಡಿಂಗ್‌ಗೆ ಸೇರಿದ್ದು. ಊರಿನ ಸಿಮ್ ಫೋನಿನಲ್ಲೇ ಇದ್ದು ರೋಮಿಂಗ್‌ನಲ್ಲಿದ್ದರೆ ತೊಂದರೆ ಇಲ್ಲ ಎಂದು ಇಲಾಖೆ ಹೇಳಿದೆ. ದುಬೈಯಲ್ಲೋ ಕುವೈತ್‌ನಲ್ಲೋ ಇರುವವರು ಎರಡು ಸಿಮ್‌ನ ಫೋನಿನಲ್ಲಿ ಊರಿನ ಸಿಮ್ ಇಟ್ಟುಕೊಂಡು, ಆಗಾಗ ರೀಚಾರ್ಜ್ ಮಾಡುತ್ತಿದ್ದರೆ ನಡೆಯುತ್ತದೆ. ಕಷ್ಟ ಇರುವುದು ಸಿಮ್ಮನ್ನು ಕಾಪುವಿನ ಮನೆಯ ಕಪಾಟಿನಲ್ಲಿ ಬಿಟ್ಟು ಹೋದವರಿಗೆ. ರೀಚಾರ್ಜ್ ಮಾಡದೆ, 90 ದಿನ ಬಳಸದೆ ಬಿಟ್ಟು, ನಂಬರ್ ಬೇರೆಯವರಿಗೆ ಹೋಗುವ ಸ್ಥಿತಿಗೆ ತಂದುಕೊಂಡವರಿಗೆ ಇನ್ನೂ ಕಷ್ಟ. ಅಂಥವರು ಅಲ್ಲಿನ ನಂಬರಿಗೆ ಖಾತೆ ಬದಲಾಯಿಸಿಕೊಳ್ಳುವುದೇ ಒಳ್ಳೆಯದು. ವಾಟ್ಸ್‌ಆ್ಯಪ್‌ನಲ್ಲಿ ನಂಬರ್ ಬದಲಾಯಿಸುವ ಆಯ್ಕೆ ಇದೆ, ಹಳೆಯ ಗುಂಪುಗಳೂ ಉಳಿಯುತ್ತವೆ.

ಅರ್ಜಿ ಮಾಯವಾಗುವುದು ಬೇರೆ ರೋಗ

ಟೈಮ್‌ಔಟ್ ಎಂದರೆ ಜನರಿಗೆ ಮೊದಲು ನೆನಪಾಗುವುದು ಆನ್‌ಲೈನ್ ಅರ್ಜಿ. ವಿದ್ಯಾರ್ಥಿವೇತನಕ್ಕೋ ಸೀಟಿಗೋ ಅರ್ಧ ಗಂಟೆ ಕೂತು ತುಂಬಿಸಿ, ಕೊನೆಗೆ ಸಬ್‌ಮಿಟ್ ಒತ್ತಿದರೆ ‘ಸೆಷನ್ ಎಕ್ಸ್‌ಪೈರ್ಡ್’. ಬರೆದದ್ದೆಲ್ಲ ಹೋಯಿತು. ಇದನ್ನು ಭದ್ರತೆಯ ಬೆಲೆ ಎಂದು ಒಪ್ಪಿಕೊಂಡವರು ಬಹಳ. ಒಪ್ಪಿಕೊಳ್ಳಬೇಕಾಗಿಲ್ಲ.

ಇದು ಆಗುವುದು ಹೇಗೆಂದು ಹತ್ತಿರದಿಂದ ನೋಡೋಣ. ಸುಮ್ನೆ ಕೂತದ್ದನ್ನು ಎಣಿಸುವ ಗಡಿಯಾರ ಇರುವುದು ಸರ್ವರಿನಲ್ಲಿ. ಸರ್ವರಿಗೆ ಕಾಣುವುದು ಬ್ರೌಸರಿನಿಂದ ಬರುವ ಕೋರಿಕೆ ಮಾತ್ರ. ನೀವು ಅಪ್ಪನ ಹೆಸರು, ಆದಾಯ ಪ್ರಮಾಣಪತ್ರದ ನಂಬರ್, ವಿಳಾಸ ಎಲ್ಲ ಟೈಪ್ ಮಾಡುತ್ತಿದ್ದೀರಿ. ಅದು ನಿಮ್ಮ ಕಂಪ್ಯೂಟರಿನಲ್ಲೇ ಉಳಿದಿದೆ. ಸಬ್‌ಮಿಟ್ ಒತ್ತುವವರೆಗೆ ಸರ್ವರಿಗೆ ಒಂದಕ್ಷರವೂ ಹೋಗುವುದಿಲ್ಲ. ಅದರ ಲೆಕ್ಕದಲ್ಲಿ ನೀವು ಪುಟ ತೆರೆದು ಎದ್ದು ಹೋಗಿದ್ದೀರಿ. ಮಿತಿ 20 ನಿಮಿಷ ಎಂದಿಟ್ಟುಕೊಳ್ಳಿ, 20ನೇ ನಿಮಿಷಕ್ಕೆ ಅದು ಟೋಕನ್ ರದ್ದು ಮಾಡುತ್ತದೆ. 30ನೇ ನಿಮಿಷಕ್ಕೆ ನೀವು ಒತ್ತಿದಾಗ ಸತ್ತ ಟೋಕನ್ ಜೊತೆ ನಿಮ್ಮ ಅರ್ಜಿ ಹೋಗುತ್ತದೆ. ಸರ್ವರ್ ಲಾಗಿನ್ ಪುಟಕ್ಕೆ ಕಳಿಸುತ್ತದೆ. ಅರ್ಜಿಯನ್ನು ಇಟ್ಟುಕೊಳ್ಳುವ ಏರ್ಪಾಡು ಯಾರೂ ಮಾಡಿಲ್ಲ, ಹಾಗಾಗಿ ಅದು ಕಳೆದುಹೋಗುತ್ತದೆ.

ಇಲ್ಲಿ ತಪ್ಪು ಗಡಿಯಾರದ್ದಲ್ಲ, ಪುಟ ಮಾಡಿದವರದ್ದು. ಬಳಕೆದಾರ ಟೈಪ್ ಮಾಡುತ್ತಿದ್ದರೆ ಆಗೊಮ್ಮೆ ಈಗೊಮ್ಮೆ ಸರ್ವರಿಗೆ ‘ಇದ್ದಾರೆ’ ಎಂಬ ಸಣ್ಣ ಕೋರಿಕೆ ಕಳಿಸಬಹುದು. ಇದನ್ನು ಕಣ್ಣು ಮುಚ್ಚಿ ಮಾಡಬಾರದು. ಪುಟ ತೆರೆದಿರುವಷ್ಟು ಹೊತ್ತೂ ಕೋರಿಕೆ ಹೋಗುತ್ತಿದ್ದರೆ ಎದ್ದು ಹೋದವನ ಸೆಷನ್ ಕೂಡ ಎಂದೂ ಸಾಯುವುದಿಲ್ಲ, ಗಡಿಯಾರ ಇಟ್ಟು ಏನು ಪ್ರಯೋಜನ? ಕೀಲಿ ಒತ್ತಿದರೆ, ಮೌಸ್ ಆಡಿಸಿದರೆ ಮಾತ್ರ ಹೋಗಬೇಕು. ಎರಡನೆಯದಾಗಿ, ಬರೆದದ್ದನ್ನು ಮಧ್ಯೆ ಮಧ್ಯೆ ಸರ್ವರಿನಲ್ಲಿ ಕರಡಾಗಿ ಉಳಿಸಬೇಕು. ಮತ್ತೆ ಲಾಗಿನ್ ಆದಾಗ ಅದೇ ಪುಟ, ಅದೇ ಸಾಲಿಗೆ ಬಂದು ನಿಲ್ಲಬೇಕು. ಕರಡನ್ನು ಬ್ರೌಸರಿನಲ್ಲೇ ಉಳಿಸುವುದು ಸುಲಭ, ಆದರೆ ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಮುಂದಿನ ಗಿರಾಕಿಗೆ ಹಿಂದಿನವರ ಆಧಾರ್ ನಂಬರ್ ಕಾಣುವ ಅಪಾಯ ಉಂಟು.

ಮೂರನೆಯದು ಮುನ್ನೆಚ್ಚರಿಕೆ. ಎಲ್ಲರೂ ಬಳಸಬಹುದಾದ ವೆಬ್‌ಸೈಟ್ ಹೇಗಿರಬೇಕೆಂದು ಹೇಳುವ ಡಬ್ಲ್ಯುಸಿಎಜಿ ಮಾನದಂಡ 2008ರಲ್ಲೇ ಇದನ್ನು ಬರೆದಿಟ್ಟಿದೆ. ಸಮಯ ಮುಗಿಯುವ ಮೊದಲು ತಿಳಿಸಬೇಕು. ಒಂದು ಕೀಲಿ ಒತ್ತಿ ಮುಂದುವರಿಸಲು ಕನಿಷ್ಠ 20 ಸೆಕೆಂಡ್ ಕೊಡಬೇಕು. ಹೀಗೆ ಕನಿಷ್ಠ ಹತ್ತು ಸಲ ಮುಂದೂಡಲು ಬಿಡಬೇಕು. ಇದು ಆ ಮಾನದಂಡದ ಅತಿ ಕೆಳಗಿನ ಹಂತ, ಅಂದರೆ ಪಾಲಿಸಲೇಬೇಕಾದ ಹಂತ. ಭಾರತ ಸರ್ಕಾರದ ವೆಬ್‌ಸೈಟ್‌ಗಳಿಗಿರುವ 2023ರ ಮಾರ್ಗಸೂಚಿಯೂ ಈ ಮಾನದಂಡವನ್ನೇ ಒಪ್ಪಿಕೊಂಡಿದೆ. ನಿಧಾನವಾಗಿ ಟೈಪ್ ಮಾಡುವ ಹಿರಿಯರು, ಪರದೆ ಓದುವ ತಂತ್ರಾಂಶ ಬಳಸುವ ಅಂಧರು, ಒಂದೇ ಕೈ ಬಳಸುವವರು, ಇವರಿಗೆಲ್ಲ 20 ನಿಮಿಷ ಸಾಕಾಗುವುದಿಲ್ಲ. ಅವರನ್ನು ಹೊರಗೆ ಹಾಕಿ ಭದ್ರತೆ ಎಂದು ಹೇಳುವುದು ಅನ್ಯಾಯ.

ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ. ಲಾಗೌಟ್ ಒತ್ತಿದಾಗ ಬ್ರೌಸರಿನ ಕುಕೀ ಮಾತ್ರ ಅಳಿಸಿ, ಸರ್ವರಿನಲ್ಲಿ ಟೋಕನ್ ಹಾಗೇ ಬಿಡುವವರಿದ್ದಾರೆ. ಬಳಸುವವರಿಗೆ ಹೊರಬಂದೆ ಎನಿಸುತ್ತದೆ. ಕದ್ದ ನಕಲು ಇದ್ದರೆ ಅದು ನಡೆಯುತ್ತಲೇ ಇರುತ್ತದೆ. ಹಣ ಕೊಟ್ಟು ತಂತ್ರಾಂಶ ಮಾಡಿಸುವ ಮಂಗಳೂರಿನ ಸಂಸ್ಥೆಗಳು, ಸಹಕಾರಿ ಸಂಘಗಳು ತಮ್ಮ ಡೆವಲಪರ್ ಹತ್ತಿರ ಈ ಒಂದು ಪ್ರಶ್ನೆಯನ್ನಾದರೂ ಕೇಳಬೇಕು: ಲಾಗೌಟ್ ಒತ್ತಿದ ಮೇಲೆ ಹಳೆಯ ಟೋಕನ್ ಸರ್ವರಿನಲ್ಲಿ ಸಾಯುತ್ತದಾ?

ಇನ್ನೂ ಒಳ್ಳೆಯ ದಾರಿ ಉಂಟಾ?

ಟೋಕನ್ ಕದ್ದರೂ ನಡೆಯದಂತೆ ಮಾಡಿದರೆ ಗಡಿಯಾರದ ಮೇಲಿನ ಭಾರ ಕಡಿಮೆಯಾಗುತ್ತದೆ. ಕ್ರೋಮ್ ಬ್ರೌಸರಿಗಾಗಿ ಗೂಗಲ್ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಯೋಜನೆ ಇದೇ ದಾರಿಯದ್ದು. ಕಂಪ್ಯೂಟರಿನೊಳಗಿನ ಟಿಪಿಎಂ ಎಂಬ ಭದ್ರತಾ ಚಿಪ್‌ನಲ್ಲಿ ಒಂದು ಕೀಲಿ ಇರುತ್ತದೆ. ಆ ಕೀಲಿಯನ್ನು ಹೊರಗೆ ತೆಗೆಯಲು ಆಗುವುದಿಲ್ಲ. ಸರ್ವರ್ ಆಗಾಗ ಆ ಕೀಲಿಯ ಪುರಾವೆ ಕೇಳುತ್ತದೆ. ಕುಕೀ ಕದ್ದವನ ಹತ್ತಿರ ಚಿಪ್ ಇಲ್ಲ, ಹಾಗಾಗಿ ಕದ್ದದ್ದು ಸ್ವಲ್ಪ ಹೊತ್ತಿಗೇ ನಿರುಪಯೋಗಿ. ಬಳಸುವವರಿಗೆ ಮತ್ತೆ ಮತ್ತೆ ಲಾಗಿನ್ ಆಗುವ ಗೋಳಿಲ್ಲ.

ಇನ್ನೊಂದು ದಾರಿ ಅಪಾಯ ಇರುವಲ್ಲಿ ಮಾತ್ರ ತಡೆಯುವುದು. ಬಾಕಿ ನೋಡಲು ಸೆಷನ್ ಸಾಕು, ಹಣ ಕಳಿಸಲು ಒಟಿಪಿ ಬೇಕು. ಬ್ಯಾಂಕ್‌ಗಳು ಇದನ್ನು ಆಗಲೇ ಮಾಡುತ್ತಿವೆ. ಮೆಸೇಜಿಂಗ್‌ಗೂ ಹೀಗೆ ಮಾಡಬಹುದಲ್ವಾ? ವರ್ಷದಿಂದ ಅದೇ ಊರಿನ ಅದೇ ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಅಂಗಡಿಯ ಖಾತೆಗೂ, ನಿನ್ನೆ ಲಿಂಕ್ ಆಗಿ ಇವತ್ತು ಬೇರೆ ದೇಶದಿಂದ ಇನ್ನೂರು ಅಪರಿಚಿತ ನಂಬರಿಗೆ ವಿಡಿಯೋ ಕರೆ ಮಾಡುವ ಖಾತೆಗೂ ಒಂದೇ ಆರು ಗಂಟೆ ಯಾಕೆ?

ನಿಯಮ ಹೇಗೇ ಜಾರಿಯಾಗಲಿ, ಈಗಲೇ ಮಾಡಬಹುದಾದ ಕೆಲಸವೂ ಇದೆ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ಡ್ ಡಿವೈಸಸ್ ಎಂಬ ಪಟ್ಟಿ ಇದೆ. ಫೋನ್ ಬಿಟ್ಟು ನಾಲ್ಕು ಸಾಧನಗಳವರೆಗೆ ಅಲ್ಲಿ ಕಾಣಬಹುದು. ಗುರುತಿಲ್ಲದ್ದು ಕಂಡರೆ ಕೂಡಲೇ ಲಾಗೌಟ್ ಮಾಡಿ. ಕೌಂಟರಿನ ಕೆಲಸಕ್ಕೆ ಮನೆಯ ನಂಬರ್ ಬಳಸುವವರು ಅಂಗಡಿಗೇ ಬೇರೆ ಸಿಮ್, ಕೌಂಟರಿನಲ್ಲೇ ಇರುವ ಒಂದು ಸಾದಾ ಸ್ಮಾರ್ಟ್‌ಫೋನ್ ಇಟ್ಟುಕೊಂಡರೆ ಆರು ಗಂಟೆಗೊಮ್ಮೆ ಸ್ಕ್ಯಾನ್ ಮಾಡುವುದು ಒಂದು ನಿಮಿಷದ ಕೆಲಸ. ಮನೆಯವರ ಫೋಟೋ, ಬ್ಯಾಂಕಿನ ಮೆಸೇಜ್ ಕೌಂಟರಿನ ಪರದೆಯಲ್ಲಿ ಕಾಣುವುದೂ ತಪ್ಪುತ್ತದೆ. ಯಾರೇ ಫೋನಿನಲ್ಲಿ ಕೋಡ್ ಹೇಳಿ ಒತ್ತಿ ಎಂದರೂ, ಕೌಂಟರಿನವರೇ ಎಂದು ದನಿಯಿಂದ ಖಚಿತವಾಗದೆ ಒತ್ತಬೇಡಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುತ್ತದೆ.

ಇಲಾಖೆ ಮತ್ತು ಕಂಪನಿಗಳು ಕೂತು ಮಾತಾಡಬೇಕಾದ ಅಂಶ ಒಂದು ಬಾಕಿ ಇದೆ. ಆರು ಗಂಟೆಗೆ ಕಂಪ್ಯೂಟರಿನ ಲಿಂಕನ್ನೇ ಕಡಿದರೆ ಹೊಸ ಕ್ಯೂಆರ್ ಬೇಕು, ಇತ್ತೀಚಿನ ಚಾಟ್‌ಗಳೆಲ್ಲ ಫೋನಿನಿಂದ ಮತ್ತೆ ಬರಬೇಕು, ಮೋಸದ ಕ್ಯೂಆರ್‌ಗೆ ದಾರಿಯೂ ತೆರೆದಿರುತ್ತದೆ. ಅದರ ಬದಲು ಲಿಂಕ್ ಹಾಗೇ ಇಟ್ಟು ಪರದೆಯನ್ನು ಮಾತ್ರ ಮುಚ್ಚಬಹುದು. ಫೋನಿಗೆ ‘ಈ ಕಂಪ್ಯೂಟರ್ ಮುಂದುವರಿಯಲಾ?’ ಎಂಬ ಪ್ರಶ್ನೆ ಬಂದು, ಅದೇ ಸಿಮ್ ಇರುವ ಫೋನಿನಲ್ಲಿ ಬೆರಳಚ್ಚು ಒತ್ತಿದರೆ ತೆರೆದುಕೊಳ್ಳಬಹುದು. ಸಿಮ್ ಇಲ್ಲದವನಿಗೆ ಆಗಲೂ ಬಾಗಿಲು ಮುಚ್ಚಿಯೇ ಇರುತ್ತದೆ. ಯಜಮಾನರು ಬೆಂಗಳೂರಿನಲ್ಲಿದ್ದರೂ ಕೌಂಟರ್ ನಡೆಯುತ್ತದೆ. 2025ರ ನಿರ್ದೇಶನದಲ್ಲಿ ಹೇಳಿದ ದಾರಿ ಕ್ಯೂಆರ್ ಒಂದೇ. ಅಲ್ಲಿ ಇದಕ್ಕೂ ಜಾಗ ಮಾಡಿಕೊಡಬೇಕು.